60 ಜನ ಸೇರಬೇಕು, ಊರು ಯಾವುದು? ಒಬ್ಬರಿಗೆ ಸೆಕೆ ಆಗಲ್ಲ, ಇನ್ನೊಬ್ಬರಿಗೆ ಚಳಿ ಆಗಲ್ಲ

ಕೊನೆಬೆಂಚು · ಶನಿವಾರ ರಾತ್ರಿ 10:12
ನಮಸ್ಕಾರ. ನಮ್ಮದು 2001ರಲ್ಲಿ ಮುಗಿದ ಡಿಪ್ಲೊಮಾ ಬ್ಯಾಚು. 2026ಕ್ಕೆ 25 ವರ್ಷ ತುಂಬುತ್ತೆ, ಎರಡು ದಿನ ಎಲ್ಲರೂ ಒಂದು ಕಡೆ ಸೇರೋಣ ಅಂತ ಮಾತಾಯ್ತು. ಕುಟುಂಬ ಬಿಟ್ಟು ಬರೀ ನಾವೇ ಲೆಕ್ಕ ಹಾಕಿದರೂ 60 ಜನ. ದುಡ್ಡಿನ ಬಗ್ಗೆ ಯಾರದ್ದೂ ತಕರಾರಿಲ್ಲ, ಊಟದ ಬಗ್ಗೆಯೂ ಇಲ್ಲ. ಹವೆಯ ಬಗ್ಗೆ ಮಾತ್ರ ಎರಡು ತಿಂಗಳಿಂದ ವಾಟ್ಸಾಪಿನಲ್ಲಿ ಕುಸ್ತಿ.

ದೋಹಾದಲ್ಲಿರೋ ಒಬ್ಬ ಜುಲೈಯಲ್ಲೇ ಆಗಬೇಕು, ಮಳೆ ಬೀಳೋ ಊರೇ ಬೇಕು ಅಂತ ಕೂತಿದ್ದಾನೆ. ಅಮೆರಿಕದ ಮೂವರು ಡಿಸೆಂಬರ್ ಬಿಟ್ಟರೆ ಬರಲ್ಲ. ಬೆಂಗಳೂರಿನ ಇಪ್ಪತ್ತು ಮಂದಿಗೆ ಎಲ್ಲಾದರೂ ಸರಿ, ಬೆವರಬಾರದು. ಇಬ್ಬರಿಗೆ ಉಬ್ಬಸ, ಮಡಿಕೇರಿ ಚಳಿ ಅಂದ್ರೆ ಬೇಡ ಅಂತಾರೆ. ಕಲಬುರಗಿಯ ಗೆಳೆಯ ‘ನಮ್ಮೂರಿಗೆ ಬರ್ರಿ, ಎಲ್ಲಾ ನಾ ನೋಡ್ಕೋತೀನಿ’ ಅಂದಾಗ ಇಡೀ ಗುಂಪು ನಗುವ ಇಮೋಜಿ ಹಾಕಿತು. ಪಾಪ, ಅವನು ಆಮೇಲೆ ಒಂದು ಮಾತೂ ಆಡಿಲ್ಲ.

ಕಾಲೇಜಲ್ಲೇ ಮಾಡಿ ಅನ್ನಬೇಡಿ. ಕೇಳಿದ್ವಿ, ಪರೀಕ್ಷೆ ಇದೆ, ಹಾಲ್ ಕೊಡಲ್ಲ ಅಂದರು. ಇಂಥ ದೊಡ್ಡ ಗುಂಪು ಸೇರಿಸಿದ ಅನುಭವ ಇರೋರು ದಾರಿ ತೋರಿಸಿ.

ಮೈಸೂರ್_ಅಗ್ರಹಾರ · ರಾತ್ರಿ 10:20
ಮೈಸೂರು. ಮುಗೀತು. ಎಳೆ ಮುಚ್ಚಿ.

ಕಾಫಿತೋಟ · ರಾತ್ರಿ 10:31
ದೋಹಾದ ನಿಮ್ಮ ಗೆಳೆಯನಿಗೆ ಹೇಳಿ: ಮಳೆ ನೋಡೋದು ಬೇರೆ, ಮಳೆಯಲ್ಲಿ 60 ಜನರನ್ನು ಸಂಭಾಳಿಸೋದು ಬೇರೆ. ನಮ್ಮದು ಮೂಡಿಗೆರೆ ಹತ್ತಿರ. ಜುಲೈಯಲ್ಲಿ ಕರೆಂಟು ಹೋದರೆ ಮೂರು ದಿನ ಬರದೇ ಇದ್ದದ್ದೂ ಉಂಟು. ಚಾರ್ಮಾಡಿಯಲ್ಲಿ ಮರ ಬಿದ್ದರೆ ಮಂಗಳೂರು ಕಡೆಯವರು ಕೊಟ್ಟಿಗೆಹಾರಕ್ಕೆ ಬರೋದೇ ಇಲ್ಲ. ಶಿರಾಡಿಯಲ್ಲಿ ಗುಡ್ಡ ಜಾರಿದರೆ ಅಲ್ಲಿಗೂ ಆಯ್ತು. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಆದದ್ದು ಯಾರಿಗೂ ಮರೆತಿಲ್ಲ ಅಂದ್ಕೋತೀನಿ.

ಹೋಂಸ್ಟೇ ಫೋಟೋದಲ್ಲಿ ಮಂಜು ಕಾಣುತ್ತೆ. ನಾಲ್ಕು ದಿನವಾದರೂ ಒಣಗದ ಚಡ್ಡಿ ಕಾಣಲ್ಲ. ಇಂಬಳ, ಅಂದ್ರೆ ಜಿಗಣೆ, ಅದಂತೂ ಕಾಣೋದೇ ಇಲ್ಲ, ಕಾಲುಚೀಲ ಬಿಚ್ಚಿದ ಮೇಲೇ ಗೊತ್ತಾಗೋದು.

ಕಡಲತಡಿ · ರಾತ್ರಿ 10:44
ಇಂಬಳಕ್ಕೆ ಹೆದರುವವರು ಮಲೆನಾಡಿಗೆ ಯಾಕೆ ಹೋಗ್ಬೇಕು ಮಾರಾಯ್ರೆ 😄

ಹಿಮದೂರು · ರಾತ್ರಿ 10:58
ನಾನಿರೋದು ಮಿನಿಯಾಪೊಲಿಸ್‌ನಲ್ಲಿ, ಜನವರಿಯಲ್ಲಿ ಸೊನ್ನೆಗಿಂತ 20 ಡಿಗ್ರಿ ಕೆಳಗೆ ಹೋಗೋದು ಇಲ್ಲಿ ಸುದ್ದಿಯೇ ಅಲ್ಲ. ನಿಮ್ಮ ಅಮೆರಿಕದ ಮೂವರ ಪರವಾಗಿ ಹೇಳ್ತೀನಿ: ನಮಗೆ ಡಿಸೆಂಬರ್ ಬೇಕು ಅನ್ನೋದು ಹವೆಗಲ್ಲ, ರಜೆಗೆ. ಇಲ್ಲಿಂದ ಬಂದೋರಿಗೆ ಬೆಚ್ಚಗಿದ್ರೆ ಖುಷಿಯೇ. ಮಂಗಳೂರಲ್ಲೇ ಮಾಡಿ, ಡಿಸೆಂಬರಲ್ಲಿ ತಂಪಾಗಿರುತ್ತಲ್ವಾ?

ಕಡಲತಡಿ · ರಾತ್ರಿ 11:03
ತಂಪಾ? ಯಾರು ಹೇಳಿದ್ದು ನಿಮಗೆ? ನಮ್ಮಲ್ಲಿ ಡಿಸೆಂಬರ್ ಮಧ್ಯಾಹ್ನ 33 ಡಿಗ್ರಿ ಉಂಟು. ಬೆಳಿಗ್ಗೆ ಆರು ಗಂಟೆಗೆ ಸ್ವಲ್ಪ ಚಳಿ ಅಂತ ಹೇಳಬಹುದು, ಒಂಬತ್ತಕ್ಕೆ ಅದೂ ಇಲ್ಲ. ನಿಜ ಹೇಳ್ಬೇಕಂದ್ರೆ ಮಂಗಳೂರಿನಲ್ಲಿ ಹಗಲು ಅತಿ ತಂಪಾಗಿ ಇರುವುದು ಜುಲೈಯಲ್ಲಿ, 28–29ರ ಆಸುಪಾಸು. ಮೋಡ, ಮಳೆ, ಬಿಸಿಲೇ ಬೀಳುವುದಿಲ್ಲ. ಡಿಸೆಂಬರ್ ಅಂದ್ರೆ ಎಲ್ಲ ಕಡೆ ಚಳಿ ಅಂತ ಘಟ್ಟದ ಮೇಲಿನವರು ತಿಳ್ಕೊಂಡಿದ್ದಾರೆ. ನನ್ನ ತಮ್ಮನ ಮದುವೆಗೆ ಡಿಸೆಂಬರಲ್ಲಿ ಬಂದ ಬೆಂಗಳೂರಿನ ನೆಂಟರು ಸ್ವೆಟರ್ ತಂದಿದ್ದರು. ರೇಷ್ಮೆ ಸೀರೆಯಲ್ಲಿ ಅವರ ಅವಸ್ಥೆ ನೋಡಿ ಫ್ಯಾನಿನ ಎದುರು ಕುರ್ಚಿ ಹಾಕಿ ಕೊಟ್ಟೆ.

ಹಿಮದೂರು · ರಾತ್ರಿ 11:06
33ಕ್ಕೆ ಇಷ್ಟು ಗಲಾಟೆನಾ? ಕಲಬುರಗಿಯಲ್ಲಿ 38 ಇದ್ರೂ ಜನ ಓಡಾಡ್ತಾರೆ.

ಫಿಸಿಕ್ಸ್_ಮೇಡಂ · ಭಾನುವಾರ ಬೆಳಿಗ್ಗೆ 7:15
ಎರಡೂ ಊರಲ್ಲಿ ಕೆಲಸ ಮಾಡಿದ್ದೀನಿ, ಹಾಗಾಗಿ ಬಾಯಿ ಹಾಕ್ತೀನಿ. ಮೈ ತಣ್ಣಗಾಗೋದು ಬೆವರಿದ್ದರಿಂದ ಅಲ್ಲ, ಆ ಬೆವರು ಆರುವುದರಿಂದ. ಕರಾವಳಿಯ ಗಾಳಿ ಮೊದಲೇ ನೀರು ಕುಡಿದು ಕೂತಿರುತ್ತೆ, ನಿಮ್ಮ ಬೆವರನ್ನು ಎಲ್ಲಿಗೆ ತಗೊಂಡು ಹೋಗುತ್ತೆ? ಅದಕ್ಕೇ 33ರಲ್ಲೇ ಅಂಗಿ ಬೆನ್ನಿಗೆ ಅಂಟುತ್ತೆ. ಕಲಬುರಗಿಯ ಒಣ ಗಾಳಿಯಲ್ಲಿ ಬೆವರು ಬಂದದ್ದೇ ತಿಳಿಯಲ್ಲ, ಆರಿಬಿಡುತ್ತೆ. ಹಾಗಂತ ಅದು ಒಳ್ಳೆಯದೇ ಅನ್ನಲ್ಲ, ನೀರು ಕುಡಿಯೋದು ಮರೆತು ಬಿದ್ದವರನ್ನೂ ನೋಡಿದ್ದೀನಿ.

ಪರೀಕ್ಷೆ ಮಾಡಬೇಕಾದ್ರೆ ನೀರು ಹಾಕೋ ಏರ್ ಕೂಲರ್ ತಗೊಳ್ಳಿ. ಕಲಬುರಗಿ, ರಾಯಚೂರಲ್ಲಿ ಜೀವ ಉಳಿಸುತ್ತೆ. ಅದೇ ಕೂಲರ್ ಮಂಗಳೂರಿನ ಹಾಲ್‌ಗೆ ತಂದಿಟ್ಟರೆ ಸೆಕೆಗೆ ಇನ್ನಷ್ಟು ಹಸಿ ಸೇರುತ್ತೆ, ಅಷ್ಟೇ. ಹಾಗಾಗಿ ಊರು ಆರಿಸುವಾಗ ಮೊಬೈಲಿನ ಡಿಗ್ರಿ ಒಂದನ್ನೇ ನೋಡಬೇಡಿ, ಅದರ ಪಕ್ಕ ತೇವಾಂಶ ಅಂತ ಇನ್ನೊಂದು ಅಂಕಿ ಇರುತ್ತೆ.

ಬಿಸಿಲೂರವ · ಬೆಳಿಗ್ಗೆ 8:02
ಮೇಡಂ, ನೀವೊಬ್ಬರಾದ್ರೂ ಸರಿ ಹೇಳಿದ್ರಿ. ನಾ ಕಲಬುರಗಿಯವ. ಕೊನೆಬೆಂಚು ಅವರ ಗೆಳೆಯ ನಾನಲ್ಲ, ಆದ್ರ ಅವ್ರ ಸಿಟ್ಟು ನಂದೂ ಅದ.

ನಮ್ಮೂರು ಅಂದ್ಕೂಡಲೇ ಎಲ್ಲಾರಿಗೂ ಮೇ ತಿಂಗಳೇ ನೆನಪಾಗ್ತದ. ಮೇದಾಗ ಬರ್ರಿ ಅಂತ ನಾವೂ ಕರ್ಯಂಗಿಲ್ರಿ. 42–43 ಅಂದ್ರ ನಮಗೂ ಸುಡ್ತದ, ನಮ್ಮ ಮೈ ಏನು ಕಬ್ಬಿಣದ್ದೇನು? ಏಪ್ರಿಲ್–ಮೇದಾಗ ನಮ್ಮ ಕಡಿ ಸರ್ಕಾರಿ ಕಚೇರಿನೇ ಮುಂಜಾನಿ 8ಕ್ಕ ತೆಗದು ಮಧ್ಯಾಹ್ನ ಒಂದೂವರಿಗಿ ಮುಚ್ತಾವ. ಆದ್ರ ವರ್ಷಕ್ಕ ಹನ್ನೆರಡು ತಿಂಗಳಿರ್ತಾವಲ್ರಿ. ಡಿಸೆಂಬರ್ ಕೊನಿಗಿ ಬಂದು ನೋಡ್ರಿ: ನಸುಕಿನಾಗ 15–16, ಮಧ್ಯಾಹ್ನ 29–30, ಮಳಿ ಇಲ್ಲ, ಬೆವರಿಲ್ಲ. ತೊಗರಿ ರಾಶಿ ನಡದಿರ್ತದ, ಹೊಲದಾಗ ಜೋಳ ನಿಂತಿರ್ತದ. 2020ರ ಫೆಬ್ರುವರಿದಾಗ 85ನೇ ಸಾಹಿತ್ಯ ಸಮ್ಮೇಳನ ನಮ್ಮೂರಾಗೇ ಆಯ್ತಲ್ಲ, ಬಂದ ಅಷ್ಟೂ ಮಂದಿ ಬಿಸಿಲಿಗಿ ಕರಗಿ ಹೋದ್ರೇನು?

ಮೈಸೂರ್_ಅಗ್ರಹಾರ · ಬೆಳಿಗ್ಗೆ 8:30
ಬೇಜಾರ್ ಮಾಡ್ಕೋಬೇಡಿ ಸರ್, ಆದ್ರೆ ಮೈಸೂರಲ್ಲಿ ತಿಂಗಳು ನೋಡೋ ತಲೆನೋವೇ ಇಲ್ಲ. ಯಾವಾಗ ಬಂದ್ರೂ ನಡೆಯುತ್ತೆ.

ಚೌಟ್ರಿ_ಮ್ಯಾನೇಜರ್ · ಬೆಳಿಗ್ಗೆ 8:55
ಯಾವಾಗ ಬಂದ್ರೂ ನಡೆಯಲ್ಲ ಸ್ವಾಮಿ. ಮೈಸೂರಿನಲ್ಲೇ 14 ವರ್ಷ ಛತ್ರ ನೋಡಿಕೊಂಡಿದ್ದೀನಿ. ಅಕ್ಟೋಬರಲ್ಲಿ ಶಾಮಿಯಾನ ಹಾಕಿ ಸಂಜೆ ಕಾರ್ಯಕ್ರಮ ಇಟ್ಟೋರು ಎಷ್ಟು ಜನ ಒದ್ದೆ ಕುರ್ಚಿ ಒರೆಸಿದ್ದಾರೆ ಅಂತ ನನ್ನ ಕೇಳಿ. ಊರಿಗೆ ಜೋರು ಮಳೆ ಬರೋದೇ ಮೇ ತಿಂಗಳಲ್ಲಿ ಮತ್ತೆ ಅಕ್ಟೋಬರಲ್ಲಿ, ಅದೂ ಮಧ್ಯಾಹ್ನ ಮೇಲೆ ಗುಡುಗು ಹಾಕಿ. ಜುಲೈಯಲ್ಲಿ ಮಡಿಕೇರಿ ಮುಳುಗ್ತಿದ್ರೂ ನಮ್ಮಲ್ಲಿ ಮೋಡ, ಗಾಳಿ, ಆಗೊಂದು ಈಗೊಂದು ಹನಿ. ಘಟ್ಟದ ಆ ಕಡೆಯೇ ಮಳೆ ಸುರಿದು ಖಾಲಿಯಾಗಿರುತ್ತೆ.

ಇನ್ನೊಂದು ಗುಟ್ಟು. 60 ಜನಕ್ಕೆ ರೂಮು, ಹಾಲ್, ಅಡುಗೆಮನೆ ಎಲ್ಲಾ ಒಂದೇ ಕಡೆ ಬೇಕಂದ್ರೆ ಮದುವೆ ಇಲ್ಲದ ತಿಂಗಳು ಹಿಡೀರಿ. ಆಷಾಢ, ಇಲ್ಲಾ ಧನುರ್ಮಾಸ. ಡಿಸೆಂಬರ್ 16ರ ಹೊತ್ತಿಗೆ ಧನುರ್ಮಾಸ ಹಿಡಿದ್ರೆ ಸಂಕ್ರಾಂತಿ ತನಕ ಛತ್ರಗಳೆಲ್ಲಾ ನೊಣ ಹೊಡೀತಿರ್ತವೆ, ಚೌಕಾಸಿಗೆ ಒಪ್ತಾರೆ. 2026ರಲ್ಲಿ ಅಧಿಕ ಜ್ಯೇಷ್ಠ ಬಂದಿರೋದ್ರಿಂದ ಆಷಾಢ ಜುಲೈ ಅರ್ಧಕ್ಕೆ ಶುರುವಾಗಿ ಆಗಸ್ಟ್ 12ರ ಅಮಾವಾಸ್ಯೆ ತನಕ ಇದೆ. ಎರಡೂ ಕಾಲದಲ್ಲಿ ಬೇಸಿಗೆ ಕಾಟ ಇಲ್ಲ. ಹಿರಿಯರು ಮದುವೆ ಬೇಡ ಅಂತ ಬಿಟ್ಟ ತಿಂಗಳೇ ನಿಮ್ಮಂಥೋರಿಗೆ ಹೇಳಿ ಮಾಡಿಸಿದ್ದು.

ಕೊನೆಬೆಂಚು · ಬೆಳಿಗ್ಗೆ 9:10
ಇದು ನಮ್ಮ 60 ಜನರಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ. ದೊಡ್ಡ ನಮಸ್ಕಾರ.

ಪೇಢಾ_ಪ್ರಿಯೆ · ಬೆಳಿಗ್ಗೆ 9:48
ಧಾರವಾಡ ಯಾರೂ ಅನ್ನವಲ್ರಲ್ಲ! ಜುಲೈ–ಆಗಸ್ಟಿನ್ಯಾಗ ನಮ್ಮಲ್ಲೆ ಜಿಟಿಜಿಟಿ ಮಳಿ, ಮಲೆನಾಡಿನಂಗ ಕೊಚ್ಚಿಕೊಂಡ ಹೋಗೂದಿಲ್ಲ, ಮೈಸೂರಿನಂಗ ಒಣಾನೂ ಅಲ್ಲ. ಕೊಡಿ ಹಿಡಕೊಂಡ ಅಡ್ಡಾಡಿ, ಬಿಸಿ ಮಿರ್ಚಿ ತಿಂದ, ಚಾ ಕುಡದ್ರ ದೋಹಾದವರಿಗೂ ಸಮಾಧಾನ, ಉಳದವರಿಗೂ ಸಮಾಧಾನ. ಹುಬ್ಬಳ್ಳಿಗೆ ವಿಮಾನಾನೂ ಐತಿ.

ಕಾಫಿತೋಟ · ಬೆಳಿಗ್ಗೆ 10:05
ಮಿರ್ಚಿ ಅಂದ್ರೆ ದಾವಣಗೆರೆಯದ್ದು.

ಪೇಢಾ_ಪ್ರಿಯೆ · ಬೆಳಿಗ್ಗೆ 10:07
ಇದಕ್ಕ ನಾ ಉತ್ರ ಕೊಡಂಗಿಲ್ಲ.

ಬಿಸಿಲೂರವ · ಬೆಳಿಗ್ಗೆ 10:09
ಮಂಡಕ್ಕಿ ಜೋಡಿ ಅಂದ್ರ ದಾವಣಗೆರೆ, ಒಪ್ಕೋಬೇಕ್ರಿ.

ನಿರ್ವಾಹಕ · ಬೆಳಿಗ್ಗೆ 10:30
ಮಿರ್ಚಿಗೆ ಬೇರೆ ಎಳೆ ಇದೆ, ಅಲ್ಲಿ ಈಗಾಗಲೇ ಸಾಕಷ್ಟು ಜಗಳ ಆಗಿದೆ. ಇಲ್ಲಿ ಹವೆ.

ಇತಿಹಾಸದ_ಮೇಷ್ಟ್ರು · ಬೆಳಿಗ್ಗೆ 11:20
ಗುಂಪು ಸೇರಿಸೋಕೆ ಹವೆ ನೋಡೋದು ಹೊಸ ಕಾಯಿಲೆಯೇನಲ್ಲ. ಕಾಂಗ್ರೆಸ್ ಅಧಿವೇಶನಗಳು ವರ್ಷವರ್ಷವೂ ಡಿಸೆಂಬರ್ ಕೊನೆಯ ವಾರದಲ್ಲಿ ನಡೀತಿದ್ದವು. 1924ರ ಡಿಸೆಂಬರಿನಲ್ಲಿ ಗಾಂಧೀಜಿ ಅಧ್ಯಕ್ಷರಾಗಿದ್ದ ಬೆಳಗಾವಿ ಅಧಿವೇಶನವೂ ಹಾಗೇ. ಬೆಳಗಾವಿಯ ಚಳಿಯನ್ನು ಕಂಬಳಿ ಹೊದ್ದು ತಡೆಯಬಹುದು. ಆದರೆ 1929ರ ಡಿಸೆಂಬರಿನಲ್ಲಿ ಲಾಹೋರಿನ ರಾವಿ ನದಿ ದಂಡೆಯಲ್ಲಿ ಡೇರೆ ಹಾಕಿ ಅಧಿವೇಶನ ಮಾಡಿದಾಗ, ದೂರದಿಂದ ಬಂದ ಬಡ ಪ್ರತಿನಿಧಿಗಳು ಚಳಿಯಲ್ಲಿ ಬಹಳ ಪಾಡು ಪಟ್ಟರು. ಬಡವನಿಗೆ ಬೆಚ್ಚನೆ ಬಟ್ಟೆಯ ಖರ್ಚು ಬೇರೆ ತಾನೆ? ಪೂರ್ಣ ಸ್ವರಾಜ್ಯದ ನಿರ್ಣಯ ಆದ ಅದೇ ಕಡೆ, ಇನ್ನು ಮೇಲೆ ಅಧಿವೇಶನ ಫೆಬ್ರುವರಿ–ಮಾರ್ಚಿನಲ್ಲಿ ಅಂತಲೂ ತೀರ್ಮಾನವಾಯಿತು. ಮುಂದಿನದು ಕರಾಚಿಯಲ್ಲಿ, 1931ರ ಮಾರ್ಚ್.

ಅಲ್ಲಿ ಬದಲಾಗಿದ್ದು ತಿಂಗಳು ಅನ್ನೋದನ್ನು ಗಮನಿಸಿ. ಲಾಹೋರಿನಂಥ ಊರುಗಳನ್ನು ಪಟ್ಟಿಯಿಂದ ತೆಗೆದು ಹಾಕಲಿಲ್ಲ.

ಮೈಸೂರ್_ಅಗ್ರಹಾರ · ಬೆಳಿಗ್ಗೆ 11:34
ಸ್ವರಾಜ್ಯ ತಂದೋರಿಗೂ ಸ್ವೆಟರ್ ಚಿಂತೆ 😀 ಮೇಷ್ಟ್ರೇ, ಮತ್ತೆ ಸಾಹಿತ್ಯ ಸಮ್ಮೇಳನ?

ಇತಿಹಾಸದ_ಮೇಷ್ಟ್ರು · ಬೆಳಿಗ್ಗೆ 11:52
ಮೊಟ್ಟಮೊದಲನೆಯದು 1915ರ ಮೇ ತಿಂಗಳಲ್ಲಿ, ಬೆಂಗಳೂರಲ್ಲಿ. ಈಗ ಯಾರಾದರೂ ಮೇನಲ್ಲಿ ಇಡ್ತೀವಿ ಅಂದ್ರೆ ಹೊಡೆಯೋಕೆ ಬರ್ತಾರೆ. ಇತ್ತೀಚಿನವು ನೋಡಿ, ಕಲಬುರಗಿ 2020 ಫೆಬ್ರುವರಿ, ಹಾವೇರಿ 2023 ಜನವರಿ, ಮಂಡ್ಯ 2024 ಡಿಸೆಂಬರ್. ಮೂರೂ ಚಳಿಗಾಲದ ಆಸುಪಾಸು.

ಬೆಂಗಳೂರ್_ಬಾಡಿಗೆದಾರ · ಮಧ್ಯಾಹ್ನ 12:40
ಎಲ್ಲರೂ ಸುತ್ತಿ ಬಳಸಿ ಮಾತಾಡ್ತಿದ್ದೀರ. ಬೆಂಗಳೂರೇ ಸಾಕು, 900 ಮೀಟರಿಗೂ ಎತ್ತರದಲ್ಲಿದೆ, ವರ್ಷಪೂರ್ತಿ ಎ.ಸಿ. ಇದ್ದ ಹಾಗೆ.

ಫಿಸಿಕ್ಸ್_ಮೇಡಂ · ಮಧ್ಯಾಹ್ನ 12:51
ಆ ಎ.ಸಿ. ಆಗಾಗ ಕೆಟ್ಟು ಹೋಗುತ್ತೆ. 2016ರ ಏಪ್ರಿಲ್‌ನಲ್ಲಿ ಇದೇ ಬೆಂಗಳೂರು 39.2 ಮುಟ್ಟಿತ್ತು. ಎತ್ತರ ಬೆಂಗಳೂರನ್ನು ಕಾಪಾಡುತ್ತೆ ಅನ್ನೋದು ನಿಜವೇ, ಸಾವಿರ ಮೀಟರ್ ಮೇಲೆ ಹೋದರೆ ಸುಮಾರು ಆರೂವರೆ ಡಿಗ್ರಿ ಇಳಿಯುತ್ತೆ. ಆದರೆ ಮರ ಕಡಿದು ಕಾಂಕ್ರೀಟ್ ಹಾಕಿದರೆ ಎತ್ತರ ಒಂದೇ ಏನು ಮಾಡೀತು?

ಬೆಂಗಳೂರ್_ಬಾಡಿಗೆದಾರ · ಮಧ್ಯಾಹ್ನ 12:55
ಏಪ್ರಿಲಲ್ಲಿ ಸೇರಿ ಅಂತ ನಾನೆಲ್ಲಿ ಅಂದೆ?

ಬಿಸಿಲೂರವ · ಮಧ್ಯಾಹ್ನ 12:58
ನೋಡ್ರಿ ನೋಡ್ರಿ! ಬೆಂಗಳೂರಿಗಾದ್ರ ‘ಏಪ್ರಿಲ್ ಬಿಟ್ಟು’, ಕಲಬುರಗಿಗಾದ್ರ ‘ಊರೇ ಬಿಟ್ಟು’. ಇದ್ಯಾವ ನ್ಯಾಯ?

ಕಡಲತಡಿ · ಮಧ್ಯಾಹ್ನ 1:10
ಇದು ಪಾಯಿಂಟು.

ಉಬ್ಬಸದ_ಅಕ್ಕ · ಮಧ್ಯಾಹ್ನ 2:25
ಉಬ್ಬಸ ಇರೋರ ವಿಷಯ ಬಂತಲ್ಲ, 30 ವರ್ಷದಿಂದ ಇನ್ಹೇಲರ್ ಜೇಬಲ್ಲಿಟ್ಟುಕೊಂಡು ಊರೂರು ತಿರುಗಿರೋಳು ನಾನು. ಎಲ್ಲರಿಗೂ ಹೀಗೇ ಅಂತ ಹೇಳಲ್ಲ, ನನ್ನ ಅನುಭವ ಇದು. ಚಳಿಗಿಂತ ನನಗೆ ಆಗದೇ ಇರೋದು ಬೂಷ್ಟು. ಮಳೆಗಾಲದಲ್ಲಿ ಒಂದು ರೆಸಾರ್ಟಿಗೆ ಹೋಗಿದ್ವಿ, ಕೋಣೆ ಬಾಗಿಲು ತೆಗೆದ ಕೂಡಲೇ ಒದ್ದೆ ಹಾಸಿಗೆಯ ವಾಸನೆ. ಹತ್ತು ನಿಮಿಷದಲ್ಲಿ ಎದೆ ಬಿಗಿ ಹಿಡಿಯಿತು. ಆ ರಾತ್ರಿ ಕಾರಲ್ಲಿ ಕೂತೇ ಬೆಳಗು ಮಾಡಿದೆ. ಮರುದಿನ ಗುಂಪಿನವರೆಲ್ಲ ಜಲಪಾತ ನೋಡೋಕೆ ಹೋದ್ರು, ನಾನು ಬಸ್ಸು ಹತ್ತಿದೆ.

ಚಳಿಯಾದ್ರೆ ಬೆಳಿಗ್ಗೆ ಎಂಟರ ತನಕ ಹೊರಗೆ ಬರದೆ, ಮಫ್ಲರ್ ಸುತ್ತಿಕೊಂಡು ನಿಭಾಯಿಸಬಹುದು. ಆದ್ದರಿಂದ ಆ ಇಬ್ಬರ ಪರವಾಗಿ ನೀವೇ ತೀರ್ಮಾನ ಮಾಡಬೇಡಿ. ನಿಮಗೆ ಏನು ಆಗಲ್ಲ, ಚಳಿಯೋ, ಧೂಳೋ, ತೇವವೋ ಅಂತ ಬಾಯಿಬಿಟ್ಟು ಕೇಳಿ. ಗುಂಪಲ್ಲಿ ಕೇಳಬೇಡಿ, ಫೋನ್ ಮಾಡಿ ಕೇಳಿ. ನಾಲ್ಕು ಜನರೆದುರು ‘ನಂಗೇನೂ ಪರವಾಗಿಲ್ಲ’ ಅಂದುಬಿಡ್ತೀವಿ ನಾವು.

ಕೊನೆಬೆಂಚು · ಮಧ್ಯಾಹ್ನ 2:40
ಅಕ್ಕಾ, ಇವತ್ತೇ ಕೇಳ್ತೀನಿ.

ಅಡುಗೆಭಟ್ರು · ಸಂಜೆ 4:15
ಊಟದ ಬಗ್ಗೆ ತಕರಾರಿಲ್ಲ ಅಂದಿರಿ, ನಾನು ಒಂದು ಹೇಳ್ತೇನೆ. ಸೆಕೆಯ ಊರಲ್ಲಿ 60 ಜನಕ್ಕೆ ಮಾಡಿದ ಹೋಳಿಗೆ ಅರ್ಧ ಉಳಿಯುತ್ತದೆ, ಮಜ್ಜಿಗೆ ಸಾಲುವುದಿಲ್ಲ. ಚಳಿಯಲ್ಲಿ ಅದೇ 60 ಜನ 100 ಜನರದ್ದು ತಿನ್ನುತ್ತಾರೆ. ಮಧ್ಯಾಹ್ನದ ಸಾಂಬಾರು ರಾತ್ರಿಗೂ ಬರುತ್ತದೆ, ಹಳಸುವುದಿಲ್ಲ. ಎಲ್ಲಿ ಮಾಡಿದರೂ ಅಡುಗೆಯವರಿಗೆ ತಿಂಗಳು ಮೊದಲೇ ತಿಳಿಸಿ.

ದೋಹಾದಿಂದ · ರಾತ್ರಿ 9:30
ಯಾರೋ ಈ ಕೊಂಡಿ ಕಳಿಸಿದರು. ಓದ್ತಾ ಓದ್ತಾ ಗೊತ್ತಾಯ್ತು, ಆ ‘ದೋಹಾದವನು’ ನಾನೇ. ಲೋ ಕೊನೆಬೆಂಚು, ಊರಿಗೆಲ್ಲ ಸಾರಿದ್ದೀಯಲ್ಲೋ!

ಎಲ್ಲರೂ ನನ್ನನ್ನು ಹಟಮಾರಿ ಅಂದ್ಕೊಂಡಿದ್ದೀರಿ, ಅದಕ್ಕೆ ಹೇಳ್ತೀನಿ. ಇಲ್ಲಿ ಜೂನ್ 1ರಿಂದ ಸೆಪ್ಟೆಂಬರ್ 15ರ ತನಕ ಬೆಳಿಗ್ಗೆ 10ರಿಂದ ಮೂರೂವರೆವರೆಗೆ ಬಯಲಲ್ಲಿ ಕೆಲಸ ಮಾಡಿಸಬಾರದು ಅಂತ ಸರ್ಕಾರದ್ದೇ ನಿಯಮ. ನಾನು ಸೈಟ್ ಸೂಪರ್‌ವೈಸರ್. ನಲ್ಲಿ ತಿರುಗಿಸಿದ್ರೆ ಕುದಿಯೋ ನೀರು ಬರುತ್ತೆ. ಮಕ್ಕಳಿಗೆ ಶಾಲೆ ರಜೆ ಆಗಲೇ, ಊರಿಗೆ ಬರೋದೂ ಆಗಲೇ. ಸಾಗರದಲ್ಲಿ ಅಮ್ಮನ ಮನೆ ಜಗಲಿ ಮೇಲೆ ಕೂತು ಹಂಚಿನ ಮೇಲೆ ಮಳೆ ಬೀಳೋ ಸದ್ದು ಕೇಳಿದ್ರೆ ಹನ್ನೊಂದು ತಿಂಗಳ ಬಿಸಿ ಇಳಿಯುತ್ತೆ. ನನಗೆ ಮಳೆ ಅಂದ್ರೆ ಅದು. ಆ ಮಳೇಲಿ ನೀವೆಲ್ಲ ಪಕ್ಕದಲ್ಲಿದ್ರೆ ಅಂತ ಆಸೆ, ಅಷ್ಟೇ.

ಕಾಫಿತೋಟ · ರಾತ್ರಿ 9:41
ಮೇಲೆ ನಾನು ಬರೆದದ್ದರಲ್ಲಿ ಇಂಬಳದ ಭಾಗ ವಾಪಸ್ ತಗೊಂಡೆ.

ಕೊನೆಬೆಂಚು · ರಾತ್ರಿ 9:50
ಮೊದಲೇ ಹೀಗೆ ಹೇಳೋಕೇನಾಗಿತ್ತೋ ನಿಂಗೆ? ‘ಜುಲೈ ಇಲ್ಲಾಂದ್ರೆ ನಾನಿಲ್ಲ’ ಅಂತ ಒಂದೇ ಸಾಲು ಹಾಕಿ ಮ್ಯೂಟ್ ಮಾಡ್ಕೊಂಡೆ.

ದೋಹಾದಿಂದ · ರಾತ್ರಿ 9:53
ಸೈಟಲ್ಲಿದ್ದೆ ಮಾರಾಯ.

ಹಿಮದೂರು · ರಾತ್ರಿ 10:15
ಅರ್ಥ ಆಗುತ್ತೆ. ಇಲ್ಲಿ ಅಮೆರಿಕದ ಕನ್ನಡ ಕೂಟಗಳ ‘ಅಕ್ಕ’ ಸಮ್ಮೇಳನವನ್ನು ಹೆಚ್ಚಾಗಿ ಲೇಬರ್ ಡೇ ವಾರಾಂತ್ಯಕ್ಕೆ ಇಡ್ತಾರೆ, ಸೆಪ್ಟೆಂಬರ್ ಮೊದಲಿಗೆ. ರಜೆಯೂ ಸಿಗುತ್ತೆ, ಹಿಮವೂ ಇಲ್ಲ. ಇಲ್ಲಿ ನಾವೂ ಮೊದಲು ವಾರ ನೋಡ್ತೀವಿ, ಆಮೇಲೆ ಊರು.

ಚೌಟ್ರಿ_ಮ್ಯಾನೇಜರ್ · ಸೋಮವಾರ ಬೆಳಿಗ್ಗೆ 6:40
ಅದನ್ನೇ ಹೇಳೋಣ ಅಂತಿದ್ದೆ. ಗುಂಪಿನಲ್ಲಿ ‘ಯಾವ ಊರು’ ಅಂತ ಕೇಳಿದರೆ ಪ್ರತಿಯೊಬ್ಬನೂ ತನ್ನೂರಿನ ಒಳ್ಳೇ ತಿಂಗಳನ್ನೂ ಪಕ್ಕದೂರಿನ ಕೆಟ್ಟ ತಿಂಗಳನ್ನೂ ನೆನೆಸಿಕೊಂಡು ಓಟು ಹಾಕ್ತಾನೆ. ‘ಯಾವ ತಿಂಗಳು’ ಅಂತ ಕೇಳಿ, ಊರುಗಳು ತಾವೇ ಉದುರಿಹೋಗ್ತವೆ. ಜುಲೈ ಬಂದ್ರೆ ಧಾರವಾಡ, ಮೈಸೂರು. ಡಿಸೆಂಬರ್ ಬಂದ್ರೆ ಕಲಬುರಗಿ, ಬೀದರ್, ವಿಜಯಪುರ. ಕರಾವಳಿ ಎರಡರಲ್ಲೂ ಸ್ವಲ್ಪ ಕಷ್ಟ, ಕ್ಷಮಿಸಿ ಕಡಲತಡಿ ಮೇಡಂ.

ಕಡಲತಡಿ · ಬೆಳಿಗ್ಗೆ 7:20
ಕ್ಷಮಿಸಿದೆ. ಮೀನು ಮಾತ್ರ ನಮ್ಮಲ್ಲೇ ಚಂದ, ಅದಕ್ಕೆ ಯಾವ ತಿಂಗಳೂ ಬೇಡ.

ಕಾಫಿತೋಟ · ಬೆಳಿಗ್ಗೆ 7:24
ಮಳೆಗಾಲದಲ್ಲಿ ಬೋಟುಗಳಿಗೆ ರಜೆ ಅಲ್ವಾ?

ಕಡಲತಡಿ · ಬೆಳಿಗ್ಗೆ 7:25
ಒಣಮೀನು ಇಲ್ಲವಾ? ನೀವು ಸುಮ್ಮನಿರಿ.

ಕಾಫಿತೋಟ · ಬೆಳಿಗ್ಗೆ 7:40
ಡಿಸೆಂಬರಲ್ಲಿ ನಮ್ಮ ಕಡೆ ಬರೋದೂ ಅಷ್ಟಕ್ಕಷ್ಟೇ, ಮೊದಲೇ ಹೇಳಿಬಿಡ್ತೀನಿ. ಹವೆ ಸ್ವರ್ಗ, ಆದರೆ ಕಾಫಿ ಕೊಯ್ಲು. ತೋಟದವರಿಗೆ ತಲೆ ಕೆರೆದುಕೊಳ್ಳೋಕೂ ಪುರುಸೊತ್ತಿಲ್ಲ. ಮೇಲಿಂದ ವರ್ಷದ ಕೊನೆಯ ವಾರ ಬೆಂಗಳೂರಿನ ಅರ್ಧ ಕಾರುಗಳು ಮುಳ್ಳಯ್ಯನಗಿರಿ ರಸ್ತೆಯಲ್ಲೇ ನಿಂತಿರುತ್ತವೆ.

ಕೊನೆಬೆಂಚು · ಒಂಬತ್ತು ದಿನದ ಮೇಲೆ, ರಾತ್ರಿ 8:30
ಕೇಳಿದವರಿಗೆ ಸುದ್ದಿ. ಗುಂಪಿನಲ್ಲಿ ಊರಿನ ಓಟು ತೆಗೆದುಹಾಕಿ ತಿಂಗಳಿನ ಓಟು ಹಾಕಿದೆ. 52 ಜನ ಒತ್ತಿದ್ರು: ಡಿಸೆಂಬರ್ 38, ಜುಲೈ 11, ಮೂರು ಜನ ಏಪ್ರಿಲ್ (ಯಾರಿಗೋ ಮಾವಿನಹಣ್ಣು ಬೇಕಂತೆ). ಉಬ್ಬಸದ ಇಬ್ಬರಿಗೂ ಫೋನ್ ಮಾಡಿದೆ. ಒಬ್ಬಳಿಗೆ ತೇವ ಆಗಲ್ಲ, ಒಣ ಚಳಿ ಪರವಾಗಿಲ್ಲ ಅಂದಳು. ಇನ್ನೊಬ್ಬನಿಗೆ ಧೂಳು. ಅದಕ್ಕೆ ರಾಶಿ ನಡೆಯೋ ಹೊಲದ ಕಡೆ ಅವನು ಬರಲ್ಲ, ಹಾಲಿನಲ್ಲೇ ಇರ್ತಾನೆ.

ಆಮೇಲೆ ಕಲಬುರಗಿಯವನಿಗೆ ಖಾಸಗಿಯಾಗಿ ಫೋನ್ ಮಾಡಿ ಕ್ಷಮೆ ಕೇಳಿದೆ. ಐದು ನಿಮಿಷ ಬೈದ. ಆರನೇ ನಿಮಿಷಕ್ಕೆ ಛತ್ರದ ಹೆಸರು ಹೇಳಿದ. ಡಿಸೆಂಬರ್ 26–27, ಶನಿವಾರ, ಭಾನುವಾರ. ಧನುರ್ಮಾಸ ಆದ್ದರಿಂದ ಎರಡು ದಿನಕ್ಕೂ ಖಾಲಿ ಇತ್ತು, ಮುಂಗಡ ಕೊಟ್ಟಾಯ್ತು. ಬೆಂಗಳೂರಿನವರು ರಾತ್ರಿ ಉದ್ಯಾನ್ ಎಕ್ಸ್‌ಪ್ರೆಸ್ ಹಿಡಿಯೋದು. ರೈಲಲ್ಲಿ ರಾತ್ರಿ ಕೂರೋಕಾಗಲ್ಲ ಅನ್ನೋರಿಗೆ ವಂದೇ ಭಾರತ್ ಇದೆ. ಜುಲೈಯಲ್ಲಿ ನಾವು ಎಂಟು ಜನ ಸಾಗರಕ್ಕೆ, ದೋಹಾದವನ ಅಮ್ಮನ ಮನೆ ಜಗಲಿಗೆ. ಹಂಚಿನ ಸದ್ದು ಕೇಳೋಕೆ.

ದೋಹಾದಿಂದ · ರಾತ್ರಿ 8:41
ಡಿಸೆಂಬರ್‌ಗೂ ರಜೆ ಬರೆದಿದ್ದೀನಿ. ಸಿಕ್ಕರೆ ಎರಡಕ್ಕೂ ನಾನೇ ಮೊದಲು.

ಬಿಸಿಲೂರವ · ರಾತ್ರಿ 8:47
ಕೊನೆಬೆಂಚು ಅವ್ರೇ, ಎಳ್ಳಮಾಸಿ (ಎಳ್ಳ ಅಮಾವಾಸ್ಯೆ ಹಬ್ಬ) ಆ ವರ್ಷ ಅಧಿಕ ಮಾಸ ಬಂದದ್ದಕ್ಕ ಜನವರಿಗಿ ಹೋಗ್ತದ, ಅದು ತಪ್ಪಿತು. ಆದ್ರ ಸುಲಗಾಯಿ, ಅಂದ್ರ ಹಸಿ ಕಡಲಿ, ಸಿಗ್ತದ, ಪುಣ್ಯ ಇದ್ರ ಸೀತನಿನೂ (ಸುಟ್ಟ ಎಳೆ ಜೋಳ) ಸಿಗ್ತದ. ಊರಿಗಿ ಬಂದಾಗ ಇಲ್ಲಿ ಒಂದು ಮಾತು ಹಾಕ್ರಿ, ಒಂದು ಗಂಟು ರೊಟ್ಟಿ, ಶೇಂಗಾ ಹಿಂಡಿ ನಾನೇ ತಂದು ಕೊಡ್ತೀನಿ. ನಿಮ್ಮ ಗೆಳೆಯಗ ಹೇಳ್ರಿ, ರಗ್ಗು ಕಮ್ಮಿ ಬೀಳ್ತಾವ, ಈಗೇ ಹೇಳಿಡ್ಲಿ.

ಬೆಂಗಳೂರ್_ಬಾಡಿಗೆದಾರ · ರಾತ್ರಿ 8:52
ರಗ್ಗಾ? ಕಲಬುರಗೀಲಿ?

ಬಿಸಿಲೂರವ · ರಾತ್ರಿ 8:53
ನೀವು ಒಂದ್ಸಲ ನಸುಕಿನಾಗ ಐದಕ್ಕ ಎದ್ದು ಜಳಕಕ್ಕ ಹೋಗ್ರಿ, ಆಮ್ಯಾಲ ಮಾತಾಡೋಣ.

ಪೇಢಾ_ಪ್ರಿಯೆ · ರಾತ್ರಿ 9:20
ಹೋಗೂಮುಂದ ಧಾರವಾಡದಿಂದ ಪೇಢೆ ಕಟ್ಟಿಸಿಕೊಂಡ ಹೋಗ್ರಿ. ದಾರಿ ಅಲ್ಲ, ಗೊತ್ತೈತಿ. ಆದ್ರೂ.